ತಿದ್ದದ ಪಟ

ನಮ್ಮ ಊರಿನಲ್ಲಿ ಹೆಂಗಸರು ಕುಂಕುಮವನ್ನು ತಾವೇ ಇಟ್ಟುಕೊಳ್ಳುವುದಿಲ್ಲ, ಒಬ್ಬರಿಗೊಬ್ಬರು ಇಡುತ್ತಾರೆ. ಬೆಳಿಗ್ಗೆ ಯಾರ ಕುಂಕುಮ ಹುಬ್ಬಿನ ಕಡೆಗೆ ವಾಲಿದೆಯೋ ಅವರ ಮನೆಯಲ್ಲಿ ಅತ್ತೆ ಸೊಸೆಯರ ನಡುವೆ ಏನೋ ನಡೆದಿದೆ ಎಂದು ಬೀದಿಗೆಲ್ಲ ಗೊತ್ತಾಗುತ್ತದೆ. ಗೊತ್ತಾಗದೆ ಇರುವುದು ಆ ಹಣೆಯ ಒಡತಿಗೆ ಮಾತ್ರ. ಗಂಡಸರ ಗಡ್ಡದ ಕಥೆಯೂ ಇದೇ. ಕ್ಷೌರದಂಗಡಿಯ ಕನ್ನಡಿಯಲ್ಲಿ ಕುರ್ಚಿ ಕಾಣುತ್ತದೆ, ಕೊರಳಿಗೆ ಸುತ್ತಿದ ಬಿಳಿ ಬಟ್ಟೆ ಕಾಣುತ್ತದೆ, ಹಿಂದೆ ಕತ್ತರಿ ಹಿಡಿದು ನಿಂತವನ ಮುಖವೂ ಕಾಣುತ್ತದೆ. ಕೂತವನಿಗೆ ತನ್ನ ಮುಖವೊಂದು ಕಾಣುವುದಿಲ್ಲ. ಬಾವಿಯ ನೀರಿನಲ್ಲೂ ಅಷ್ಟೇ, ಫೋನಿನಲ್ಲೂ ಅಷ್ಟೇ. ಸೀರೆ ಇರುತ್ತದೆ, ಸರ ಇರುತ್ತದೆ, ಅದರ ಮೇಲೆ, ಮುಖ ಇರಬೇಕಾದ ಕಡೆ, ಹಿಂದಿನ ಗೋಡೆ ಇರುತ್ತದೆ.

ತನ್ನ ಮುಖ ತನಗೆ ಕಾಣಬೇಕಾದರೆ ಒಂದೇ ದಾರಿ. ಪಟ ತೆಗೆಸಿಕೊಳ್ಳಬೇಕು, ಆ ಪಟ ಊರಿನವರ ಕಣ್ಣಿಗೆ ಬೀಳಬೇಕು. ಹಿಂದೆ ನಮ್ಮ ಸ್ಟುಡಿಯೋದ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಹಾಕುತ್ತಿದ್ದರು, ಈಗ ಊರ ಪುಟ ಎಂದು ಎಲ್ಲರ ಫೋನಿನಲ್ಲೂ ಒಂದು ಇದೆ. ಪ್ರತಿ ಶುಕ್ರವಾರ ಬೆಳಿಗ್ಗೆ ನಾನು ಆ ವಾರದ ಪಟಗಳನ್ನು ಅದಕ್ಕೆ ಏರಿಸುತ್ತೇನೆ. ಬೇಕಾದಷ್ಟು ಜನ ನೋಡಿದ ಮೇಲೆ ಪಟದಲ್ಲಿರುವವರಿಗೂ ತಮ್ಮ ಮುಖ ಮೂಡುತ್ತದೆ. ಬೇಕಾದಷ್ಟು ಎಂದರೆ ಎಷ್ಟು ಎಂದು ಯಾರೂ ಲೆಕ್ಕ ಹಾಕಿಲ್ಲ. ನೆಂಟರಿಷ್ಟರು ಹೆಚ್ಚಿರುವವರಿಗೆ ಒಂದು ಲೋಟ ಕಾಫಿ ಮುಗಿಸುವಷ್ಟರಲ್ಲಿ ಮೂಡುತ್ತದೆ, ಊರಿನ ತಂಟೆಗೆ ಹೋಗದವರು ಮಧ್ಯಾಹ್ನದವರೆಗೂ ಕಾಯಬೇಕಾಗುತ್ತದೆ.

ಒಬ್ಬರ ಮುಖದ ವಿಚಾರವನ್ನು ಅವರ ಎದುರಿಗೇ ಆಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಪಾಪ, ಅವರು ಹೌದೋ ಅಲ್ಲವೋ ಎಂದು ನೋಡಿಕೊಳ್ಳಲಾರರು. ಇದರಿಂದ ಒಂದು ತಮಾಷೆಯಾಗಿದೆ. ಉಳಿದವರ ಪಟಗಳೆಲ್ಲ ತಿದ್ದಿದವು ಎಂದು ಊರಿನ ಪ್ರತಿಯೊಬ್ಬರಿಗೂ ಗೊತ್ತು, ದಿನಾ ನೋಡುವ ಮುಖಗಳಲ್ಲವೇ. ತನ್ನದೊಂದು ಮಾತ್ರ ಇದ್ದದ್ದು ಇದ್ದ ಹಾಗೆ ಬಂದಿದೆ ಎಂದು ಪ್ರತಿಯೊಬ್ಬರೂ ನಂಬಿದ್ದಾರೆ. “ಅಂಬುಜಕ್ಕ, ಆ ಮುಖಾನ ಅಷ್ಟು ಮಾಡೋಕೆ ನಿಮಗೆ ಎಷ್ಟು ಕಷ್ಟ ಆಗಿರ್ಬೇಕು” ಎಂದು ಪಕ್ಕದ ಮನೆಯವರ ಪಟ ತೋರಿಸಿ ನನ್ನ ಹತ್ತಿರ ನಗುತ್ತಾರೆ. ಹಿಂದಿನ ವಾರವಷ್ಟೇ ಇವರ ಗಲ್ಲದ ಕೆಳಗಿನ ಇನ್ನೊಂದು ಗಲ್ಲವನ್ನು ನಾನು ಮಾಯ ಮಾಡಿರುತ್ತೇನೆ. ನಾನೂ ಅವರ ಜೊತೆ ನಗುತ್ತೇನೆ.

ನಮ್ಮ ಮಾವನವರ ಕಾಲದಲ್ಲಿ ತಿದ್ದುವುದು ಪೆನ್ಸಿಲಿನ ಕೆಲಸ. ನೆಗೆಟಿವನ್ನು ಬೆಳಕಿಗೆ ಹಿಡಿದು, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ಕಣ್ಣಿನ ಕೆಳಗಿನ ಗುಳಿ ತುಂಬುತ್ತಿದ್ದರು, ಹಣೆಯ ಗೆರೆ ಅಳಿಸುತ್ತಿದ್ದರು. ನಮ್ಮ ಯಜಮಾನರು ಶೇಷಗಿರಿ, ಅಪ್ಪನ ಆ ಕೈಯನ್ನು ಕಂಪ್ಯೂಟರಿಗೆ ಕಲಿಸಿದರು. ಎಲ್ಲೆಲ್ಲಿ ಎಷ್ಟೆಷ್ಟು ಎಂದು ವರ್ಷಗಟ್ಟಲೆ ಕೂತು ಒಂದು ಸೆಟ್ಟಿಂಗು ಮಾಡಿದ್ದಾರೆ. ಅದಕ್ಕೆ ಅವರು ಇಟ್ಟಿರುವ ಹೆಸರೇ ‘ಅಪ್ಪ’. ಉಳಿದದ್ದು ನನ್ನ ಪಾಲಿನದು. ಕ್ಯಾಮೆರಾದ ಕಾರ್ಡಿನಿಂದ ಪಟಗಳನ್ನು ಕಂಪ್ಯೂಟರಿಗೆ ಇಳಿಸುವುದು, ಕಣ್ಣು ಮುಚ್ಚಿದ್ದು ಬಾಯಿ ತೆರೆದದ್ದು ಎಲ್ಲ ಕಿತ್ತುಹಾಕಿ ಒಂದನ್ನು ಆರಿಸುವುದು, ಬೆಳಕು ಬಣ್ಣ ಸರಿ ಮಾಡುವುದು, ಅಂಚು ಕತ್ತರಿಸುವುದು, ಆಮೇಲೆ ಮುಖಕ್ಕೆ ಕೈ ಹಾಕುವುದು. ಆರಿಸುವಾಗ ಗಿರಾಕಿಗಳನ್ನು ಕೇಳಿ ಪ್ರಯೋಜನವಿಲ್ಲ, ಅವರಿಗೆ ಕಾಣುವುದು ಬಟ್ಟೆ ಮಾತ್ರ. ಆದರೂ ಕೆಲವರು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು “ಇದ್ರಲ್ಲಿ ಸೆರಗು ಚೆನ್ನಾಗಿ ಬಂದಿದೆ, ಇದೇ ಇರ್ಲಿ” ಎನ್ನುತ್ತಾರೆ. ನೋಡಿದರೆ ಅದರಲ್ಲಿ ಅವರು ಆಕಳಿಸುತ್ತಿರುತ್ತಾರೆ. ಶುಕ್ರವಾರ ಪಟಗಳನ್ನು ಏರಿಸಿ, ಒಂದು ಪ್ರತಿ ಎತ್ತಿಟ್ಟು, ಮುಂದಿನ ವಾರಕ್ಕೆ ಕಾರ್ಡನ್ನು ಖಾಲಿ ಮಾಡಿದರೆ ನನ್ನ ವಾರ ಮುಗಿಯಿತು.

ಹಿಟ್ಟಿನ ಗಿರಣಿ ನಡೆಸುವ ದಾಕ್ಷಾಯಿಣಿ ಒಂದು ಸೋಮವಾರ ಬಂದಳು. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ, ಚಿಕ್ಕಮ್ಮ ನೀಲಮ್ಮನನ್ನು ಜೊತೆಗಿಟ್ಟುಕೊಂಡು ಬಾಳುವ ಹೆಂಗಸು. ಮಾತು ನೇರ, ಸಿಟ್ಟು ಮೂಗಿನ ತುದಿಯಲ್ಲಿ. ಆವತ್ತು ರೇಷ್ಮೆ ಸೀರೆ ಉಟ್ಟಿದ್ದಳು.

“ನಂದೊಂದು ಪಟ ಬೇಕು ಅಂಬುಜಕ್ಕ. ಆದ್ರೆ ತಿದ್ಬಾರ್ದು.”

“ಒಂಚೂರೂ?”

“ಒಂಚೂರೂ. ಬೇರೆಯೋರಿಗೆಲ್ಲ ನೀವು ತಿದ್ತೀರಿ ಅಂತ ಗೊತ್ತು. ನಂಗೆ ಯಾವತ್ತೂ ತಿದ್ದಿಲ್ಲ ಅಂತ್ಲೂ ಗೊತ್ತು. ಆದ್ರೂ ಒಂದು ಮಾತು ಹೇಳಿಬಿಡೋಣ ಅಂತ.”

ನಾನು ತುಟಿ ಬಿಗಿಹಿಡಿದು ತಲೆಯಾಡಿಸಿದೆ. ಯಾಕೆ ಎಂದು ಕೇಳಿದ್ದಕ್ಕೆ ಅವಳು ಸೆರಗಿನ ಅಂಚು ಮಡಿಸುತ್ತ ಹೇಳಿದಳು. ಅವಳಿಗೆ ಮೂರು ವರ್ಷವಾಗಿದ್ದಾಗ ತಾಯಿ ಗಂಗಮ್ಮ ತೀರಿಕೊಂಡಿದ್ದಳು. ಸಾಕಿದ್ದು ತಾಯಿಯ ಕೊನೆಯ ತಂಗಿ ಈ ನೀಲಮ್ಮ. ಆಗ ನೀಲಮ್ಮ ಇನ್ನೂ ಲಂಗ ಹಾಕುತ್ತಿದ್ದ ಹುಡುಗಿ. ಗಂಗಮ್ಮನ ಪಟವೊಂದು ಅವರ ನಡುಮನೆಯಲ್ಲಿದೆ, ನಮ್ಮ ಮಾವನವರೇ ತೆಗೆದದ್ದು. ಹೋದ ವಾರ ಅದರ ಧೂಳು ಒರೆಸುತ್ತಿದ್ದ ನೀಲಮ್ಮನ ಬಾಯಿಂದ ಆಡಬಾರದ ಮಾತು ಜಾರಿತ್ತು.

“‘ಇದನ್ನ ಯಾಕಾದ್ರೂ ಒರೆಸ್ತೀನೋ, ಇದು ನಮ್ಮಕ್ಕ ಅಲ್ವೇ ಅಲ್ಲ’ ಅಂದ್ಬಿಟ್ಳು. ‘ಅವಳನ್ನ ನೋಡ್ಬೇಕು ಅನ್ಸಿದ್ರೆ ನಾನು ನಿನ್ನ ಮುಖ ನೋಡ್ಕೋತೀನಿ. ಥೇಟ್ ಅವಳೇ ಕಣೆ ನೀನು, ಅಚ್ಚೊತ್ತಿದಂಗೆ’ ಅಂತ. ಆಮೇಲೆ ನಾಲಿಗೆ ಕಚ್ಕೊಂಡ್ಳು. ಅಲ್ಲ ಅಂಬುಜಕ್ಕ, ಹಿಟ್ಟು ಮಾಡಿಸೋಕೆ ಬರೋರಿಗೆಲ್ಲ ನಮ್ಮಮ್ಮ ಕಾಣ್ತಾಳೆ. ಬೀದೀಲಿ ಹೋಗೋರಿಗೆಲ್ಲ ಕಾಣ್ತಾಳೆ. ನಂಗೊಬ್ಳಿಗೆ ಕಾಣಲ್ಲ.”

ಅವಳೇ ಮುಂದುವರಿಸಿದಳು. “ಅಮ್ಮ ಹೋದಾಗ ಅವಳಿಗೆ ಈಗ ನಂಗೆ ಇರೋಷ್ಟೇ ವಯಸ್ಸು. ಯುಗಾದಿ ಕಳೆದ್ರೆ ನಾನು ಅವಳಿಗಿಂತ ದೊಡ್ಡೋಳಾಗ್ಬಿಡ್ತೀನಿ. ಆಮೇಲೆ ಇದು ಬರೀ ನನ್ನ ಮುಖ.”

ಯುಗಾದಿಗೆ ಹೆಚ್ಚು ದಿನಗಳಿರಲಿಲ್ಲ. ಅವಳನ್ನು ಕೂರಿಸಿದೆ. ಪಟ ಎಂದ ತಕ್ಷಣ ಊರಿನ ಜನರೆಲ್ಲ ಮಾಡುವ ಹಾಗೆ ಅವಳೂ ಬೆನ್ನು ನೆಟ್ಟಗೆ ಮಾಡಿ ತುಟಿ ಎಳೆದು ನಕ್ಕಳು. ಕಂಪ್ಯೂಟರಿಗೆ ಇಳಿಸಿದ ಮೇಲೆ ಒಂದನ್ನು ಆರಿಸಿದೆ, ಅಂಚು ಕತ್ತರಿಸಿದೆ, ಅಷ್ಟೇ. ಮುಖದ ಹತ್ತಿರಕ್ಕೂ ಹೋಗಲಿಲ್ಲ. ಅದನ್ನೇ ಶುಕ್ರವಾರ ಏರಿಸಿದೆ. ಹೇಳಿದ ಮಾತು ನಡೆಸಿದೆ ಎಂಬ ಸಮಾಧಾನದಲ್ಲಿ ಆವತ್ತು ಮಧ್ಯಾಹ್ನ ಚೆನ್ನಾಗಿ ನಿದ್ದೆಯನ್ನೂ ಮಾಡಿದೆ.

ಮಾರನೆಯ ದಿನ ದಾಕ್ಷಾಯಿಣಿ ಗಿರಣಿಯಿಂದ ಸೀದಾ ಬಂದಳು. ಹುಬ್ಬಿನ ಮೇಲೆ, ತೋಳಿನ ಮೇಲೆ ಹಿಟ್ಟು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದಳು.

“ಏನು ಮಾಡಿದ್ರಿ ಅಂಬುಜಕ್ಕ ನೀವು?”

“ಏನೂ ಮಾಡಿಲ್ಲ ಕಣೆ, ದೇವರಾಣೆ.”

“ನಿನ್ನೆ ಮುಖ ಮೂಡ್ತು. ಬಾಗಿಲು ಹಾಕ್ಕೊಂಡು ಅದರ ಮುಂದೆ ಕೂತ್ಕೊಂಡೆ. ಅಮ್ಮಾ ಅಂದೆ. ಮದುವೆ ಯಾಕೆ ಬೇಡ ಅಂದೆ ಅಂತ ಹೇಳಿದೆ, ಗಿರಣಿ ಹೇಗೆ ನಡೀತಿದೆ ಅಂತ ಹೇಳಿದೆ. ಯಾರ ಹತ್ರನೂ ಆಡದೇ ಇರೋದೆಲ್ಲ ಆಡಿದೆ. ಸಂಜೆ ಚಿಕ್ಕಮ್ಮಂಗೆ ತೋರಿಸಿದ್ರೆ, ‘ಚೆನ್ನಾಗಿ ಬಂದಿದೆ ಕಣೆ’ ಅಂತ ಫೋನು ವಾಪಸ್ ಕೊಟ್ಟು ಅವರೆಕಾಯಿ ಬಿಡಿಸೋಕೆ ಕೂತ್ಳು. ಅಮ್ಮ ಕಾಣ್ತಾಳಾ ಅಂತ ಕೇಳಿದೆ. ‘ಇದ್ರಲ್ಲಿ ಅವಳೆಲ್ಲಿ ಬಂದ್ಳು, ಇದು ಸ್ಟುಡಿಯೋದವರ ಮುಖ’ ಅಂದ್ಳು. ಹಾಗಾದ್ರೆ ನಾನು ಯಾರ ಮುಂದೆ ಕೂತು ಅಷ್ಟೆಲ್ಲ ಹೇಳ್ಕೊಂಡೆ?”

ನಾನು ಕಂಪ್ಯೂಟರಿನಲ್ಲಿ ಅವಳ ಪಟ ತೆರೆದೆ. ಅವಳನ್ನು ನೋಡಿದೆ, ಪಟವನ್ನು ನೋಡಿದೆ. ಕಣ್ಣಿನ ಕೆಳಗೆ ಅವಳಿಗಿರುವ ಗುಳಿ ಪಟದಲ್ಲಿ ಇರಲಿಲ್ಲ. ನಾನಂತೂ ತುಂಬಿರಲಿಲ್ಲ. ನಮ್ಮ ಯಜಮಾನರನ್ನು ಕರೆದೆ. ಇವರು ಕನ್ನಡಕ ಏರಿಸಿಕೊಂಡು ನೋಡಿದರು. “‘ಅಪ್ಪ’ ಕೂತಿದೆಯಲ್ಲ” ಎಂದರು. “ಕಾರ್ಡಿಂದ ಇಳಿಸೋವಾಗ್ಲೇ ಕೂತ್ಬಿಡುತ್ತೆ. ಪ್ರತಿ ಸಲ ಹಾಕೋದು ಯಾಕೆ ಅಂತ ನಾನೇ ಹಾಗೆ ಮಾಡಿಟ್ಟಿದ್ದೆ, ಶುರೂಲೇ. ನಿಂಗೆ ಗೊತ್ತಿರಲಿಲ್ವಾ?”

ಗೊತ್ತಿರಲಿಲ್ಲ. ನಾನು ಮೊದಲ ಬಾರಿಗೆ ತೆರೆದು ನೋಡುವ ಹೊತ್ತಿಗೇ ಪ್ರತಿ ಮುಖದ ಮೇಲೂ ಮಾವನವರ ಕೈ ಆಡಿ ಹೋಗಿರುತ್ತಿತ್ತು. ಅದನ್ನೇ ಆ ಜನರ ಮುಖ ಎಂದುಕೊಂಡು, ಅದರ ಮೇಲೆ ನಾನು ಇನ್ನೊಂದು ಸುತ್ತು ತಿದ್ದುತ್ತಿದ್ದೆ. ನನ್ನ ಪರದೆಯ ಮೇಲೆ ಇಷ್ಟು ವರ್ಷ ಒಂದೇ ಒಂದು ಬರಿಯ ಮುಖ ಬಂದಿರಲಿಲ್ಲ. ಮೂಲವನ್ನಾದರೂ ಹುಡುಕೋಣವೆಂದರೆ ವಾರದ ಪದ್ಧತಿಯ ಪ್ರಕಾರ ಕಾರ್ಡು ಖಾಲಿಯಾಗಿತ್ತು.

ದಾಕ್ಷಾಯಿಣಿ ಹುಬ್ಬು ಗಂಟು ಹಾಕಿಕೊಂಡು, ಮೂಗು ಅರಳಿಸಿಕೊಂಡು ನಿಂತಿದ್ದಳು. ನಾನು ಕ್ಯಾಮೆರಾ ಎತ್ತಿಕೊಂಡೆ.

“ಈಗ ಪಟ ತೆಗೀತೀರಾ? ನನ್ನ ಹೊಟ್ಟೆ ಉರೀತಿರೋವಾಗ?”

“ಹೂಂ. ಹಾಗೇ ನಿಂತ್ಕೋ.”

“ಹಿಟ್ಟು ಮೆತ್ಕೊಂಡಿದೆ.”

“ಇರ್ಲಿ ಬಿಡು.”

ಅವಳು ಹೋದ ಮೇಲೆ ಆ ಸೆಟ್ಟಿಂಗನ್ನು ತೆಗೆದುಹಾಕಿ, ಪಟಗಳನ್ನು ಇಳಿಸಿದೆ. ಪರದೆಯ ಮೇಲೆ ಅವಳು ಬಂದಳು. ಒಂದು ಕಣ್ಣು ಇನ್ನೊಂದಕ್ಕಿಂತ ಕೊಂಚ ಸಣ್ಣದು. ಹುಬ್ಬುಗಳ ನಡುವೆ ಆಳವಾದ ಎರಡು ಗೆರೆ. ಬಾಯಿಯ ಎಡ ಮೂಲೆ ಕೆಳಗೆ ಇಳಿದಿದೆ. ಗಿರಣಿಯಲ್ಲಿ ಎಷ್ಟೋ ಸಲ ನೋಡಿದ ಮುಖವೇ, ಆದರೂ ಎದ್ದು ಒಲೆಯ ಮೇಲಿನ ಸಾರು ನೋಡಬೇಕು ಎನ್ನುವುದನ್ನೂ ಮರೆತು ನೋಡುತ್ತ ಕೂತೆ. ಕೈ ತಾನಾಗಿಯೇ ಆ ಕಣ್ಣಿನ ಗುಳಿಯ ಕಡೆಗೆ ಹೋಗುತ್ತಿತ್ತು. ಕೊನೆಗೆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೆ. ಸಾರು ತಳ ಹಿಡಿದ ವಾಸನೆಗೆ ಇವರು ಒಳಗಿನಿಂದ ಎದ್ದು ಬಂದರು.

“ಇದನ್ನ ಹಾಕ್ತೀಯಾ?”

“ಹಾಕ್ತೀನಿ.”

“ಊರೆಲ್ಲ ಬಂದು, ದಾಕ್ಷಾಯಿಣಿದು ಹೀಗಿದ್ರೆ ನಂದು ಹೇಗಿದೆ ಅಂತ ಕೇಳುತ್ತೆ. ಏನು ಹೇಳ್ತೀಯ? ಕೆನ್ನೆ ಸುಟ್ಟ ಹುಡುಗಿ ಒಬ್ಳಿದ್ದಾಳಲ್ಲ, ಅವಳು ಬಂದು ಕೇಳಿದ್ರೆ?” ಇವರು ಜಗಳದ ಮನುಷ್ಯರಲ್ಲ. ನಿಜವಾಗಿಯೂ ಸಂಕಟಪಟ್ಟುಕೊಂಡೇ ಕೇಳುತ್ತಿದ್ದರು. “ಅಪ್ಪ ಯಾರಿಗೂ ಮೋಸ ಮಾಡಿದೋರಲ್ಲ. ನಮ್ಮೂರಲ್ಲಿ ಯಾರೂ ಇನ್ನೊಬ್ಬರ ಮುಖಕ್ಕೆ ಒಂದು ಒಳ್ಳೆ ಮಾತು ಆಡೋ ಹಾಗಿಲ್ಲ. ಅಪ್ಪ ಅದನ್ನ ಪೆನ್ಸಿಲಲ್ಲಿ ಆಡಿದ್ರು.”

ಅದು ಸುಳ್ಳಲ್ಲ. ಮಾವನವರು ತೆಗೆದ ನನ್ನ ಮದುವೆಯ ಹೊತ್ತಿನ ಪಟ ನೋಡಿಯೇ ನಾನು ಈ ಊರಿನಲ್ಲಿ ತಲೆಯೆತ್ತಿ ಓಡಾಡಿದವಳು. ಆದರೂ ಹೇಳಿದೆ. “ಆಡಿದ್ರು, ಸರಿ. ಅದರ ಕೆಳಗೆ ಅವಳ ತಾಯಿ ಮುಚ್ಚಿಹೋದ್ಳಲ್ಲ ರೀ. ಒಡಹುಟ್ಟಿದ ತಂಗಿಗೇ ಆ ಪಟದಲ್ಲಿ ಅಕ್ಕ ಸಿಗ್ತಿಲ್ಲ.”

ಪರದೆಯ ಮೇಲಿನ ಸಿಟ್ಟಿನ ಮುಖವನ್ನು ನೋಡುತ್ತ ನಿಂತಿದ್ದ ಇವರು ಮೆಲ್ಲಗೆ ಕೇಳಿದರು.

“ನಂದು?”

“ಏನು ನಿಮ್ದು?”

“ನನ್ನ ಪಟ. ಅದ್ರ ಮೇಲೂ ‘ಅಪ್ಪ’ ಕೂತಿದೆಯಾ?”

ಆ ಸೆಟ್ಟಿಂಗನ್ನು ಕೈಯಾರೆ ಮಾಡಿದ ಮನುಷ್ಯ, ಪ್ರತಿ ಮುಖಕ್ಕೂ ಅದು ಕೂರುವ ಹಾಗೆ ಮಾಡಿಟ್ಟ ಮನುಷ್ಯ, ತನ್ನದೊಂದು ಮಾತ್ರ ಹೇಗೋ ತಪ್ಪಿಸಿಕೊಂಡಿದೆ ಎಂದೇ ನಂಬಿದ್ದರು. ನನಗೆ ನಗುವೂ ಬಂತು, ಪಾಪ ಎಂದೂ ಅನ್ನಿಸಿತು.

“ಕೂತಿದೆ. ಅದರ ಮೇಲೆ ನಾನೂ ಸ್ವಲ್ಪ ಕೈ ಆಡಿಸಿದೀನಿ” ಎಂದೆ.

“ಎಲ್ಲಿ?”

“ಕಿವಿ.”

ಇವರು ಎರಡೂ ಕೈ ಎತ್ತಿ ಎರಡೂ ಕಿವಿ ಮುಟ್ಟಿಕೊಂಡರು. ಎಷ್ಟು ಎಂದು ಕೇಳಲಿಲ್ಲ. ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ಮುಂದಿನ ನಾಲ್ಕೈದು ದಿನ ಮನೆಯಲ್ಲಿ ಬೇಕಾದ್ದಕ್ಕೆ ಮಾತ್ರ ಮಾತು. ಗುರುವಾರ ಊಟಕ್ಕೆ ಕೂತಾಗ, ತಟ್ಟೆ ನೋಡಿಕೊಂಡೇ ಹೇಳಿದರು. “ಹಾಕು. ಕೇಳೋಕೆ ಬಂದೋರಿಗೆ ನಾನು ಉತ್ತರ ಕೊಡ್ತೀನಿ.”

ಆಮೇಲಿನ ಗಲಾಟೆಯನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ಶುಕ್ರವಾರ ಬೆಳಿಗ್ಗೆ ಪಟ ಏರಿದ ಸ್ವಲ್ಪ ಹೊತ್ತಿಗೆ ಸ್ಟುಡಿಯೋದ ಮುಂದೆ ಜನ ಸೇರಿದರು. ಅರ್ಧಕ್ಕರ್ಧ ಮಂದಿ ನಮ್ಮನ್ನು ಹೊಗಳುವುದಕ್ಕೆ ಬಂದವರು, ನಮಗೆಲ್ಲ ಇದ್ದ ಹಾಗೆ ಹಾಕುತ್ತಿದ್ದ ನೀವು ಅವಳಿಗೂ ಈಗಲಾದರೂ ಹಾಗೇ ಹಾಕಿದಿರಲ್ಲ, ಸಂತೋಷ, ಎಂದು. ಇನ್ನು ಕೆಲವರು ಎಲ್ಲರೂ ಹೋಗುವ ತನಕ ಕಂಬಕ್ಕೆ ಒರಗಿ ನಿಂತು, ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು. ಇವರು ಎಲ್ಲರಿಗೂ ಒಂದೇ ಉತ್ತರ ಕೊಟ್ಟರು. “ನಿಮಗೆ ಬೇಕು ಅನ್ಸಿದ್ರೆ ತಿದ್ದದೇನೂ ಹಾಕ್ತೀವಿ. ಯೋಚನೆ ಮಾಡಿ ಹೇಳಿ.” ಒಬ್ಬ ಹೆಂಗಸು ಇನ್ನು ನಿಮ್ಮ ಹೊಸ್ತಿಲು ತುಳಿಯುವುದಿಲ್ಲ ಎಂದು ಕೂಗಾಡಿ ಹೋದಳು, ಹೇಳಿದ ಹಾಗೆಯೇ ತುಳಿದಿಲ್ಲ. ಉಳಿದವರಲ್ಲಿ ಹೆಚ್ಚಿನವರು ಇನ್ನೂ ಯೋಚನೆ ಮಾಡುತ್ತಿದ್ದಾರೆ. ಇವರೂ ಯೋಚನೆ ಮಾಡುತ್ತಿದ್ದಾರೆ.

ಆ ಜನರನ್ನೆಲ್ಲ ಇವರ ಕೈಗೆ ಬಿಟ್ಟು ನಾನು ಗಿರಣಿಗೆ ಹೋಗಿದ್ದೆ. ಮೆಷಿನ್ನು ನಿಂತಿತ್ತು. ಡಬ್ಬ ಹಿಡಿದು ಬಂದಿದ್ದ ಹೆಂಗಸರು ನಾಲ್ಕಾರು ಮಂದಿ ಗೋಡೆಯ ಪಕ್ಕ ನಿಂತಿದ್ದರು. ನೀಲಮ್ಮ ಮೂಲೆಯಲ್ಲಿ ಮೊರ ಹಿಡಿದು ಗೋಧಿಯಲ್ಲಿ ಕಲ್ಲು ಆರಿಸುತ್ತಿದ್ದಳು. ದಾಕ್ಷಾಯಿಣಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮೂಟೆಯೊಂದರ ಮೇಲೆ ಕೂತಿದ್ದಳು.

“ಸೀರೆ ಇದೆ. ಮುಖ ಇನ್ನೂ ಇಲ್ಲ” ಎಂದಳು ನನಗೆ.

ಅದನ್ನು ಕೇಳಿ, ಇನ್ನೂ ನೋಡದಿದ್ದ ಹೆಂಗಸರು ತಮ್ಮ ತಮ್ಮ ಫೋನು ತೆಗೆದರು. ನೋಡಿದರು. ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ದಾಕ್ಷಾಯಿಣಿಯನ್ನೇ ನೋಡುತ್ತಿದ್ದೆ. ಅವಳ ಕಣ್ಣು ಒಂದು ಕಡೆ ನೆಟ್ಟುಹೋಯಿತು.

“ಬಂತು” ಎಂದಳು.

ತುಂಬ ಹೊತ್ತು ನೋಡಿದಳು. “ಇಷ್ಟು ಸಿಟ್ಟಾ ನಂಗೆ?” ಎಂದು ಕೇಳಿದಳು. ಉತ್ತರ ಕೊಡುವ ಪದ್ಧತಿ ನಮ್ಮಲ್ಲಿಲ್ಲವಲ್ಲ, ಎಲ್ಲರೂ ನೆಲ ನೋಡಿದೆವು. ಆಮೇಲೆ ಅವಳು ನನ್ನ ಕಡೆ ತಿರುಗಿದಳು. “ಇವಳೇನಾ? ನಂಗೆ ಹೇಗೆ ಗೊತ್ತಾಗ್ಬೇಕು ಅಂಬುಜಕ್ಕ? ನಂಗೆ ಅವಳು ನೆನಪೇ ಇಲ್ವಲ್ಲ.”

ಉತ್ತರ ಗೊತ್ತಿದ್ದವಳು ಮೂಲೆಯಲ್ಲಿ ಗೋಧಿ ಆರಿಸುತ್ತಿದ್ದಳು. ದಾಕ್ಷಾಯಿಣಿಗೂ ಅದು ಗೊತ್ತಿತ್ತು, ಆದರೂ ಮೂಟೆ ಬಿಟ್ಟು ಏಳಲಿಲ್ಲ. ನೀಲಮ್ಮ ಇನ್ನೊಂದು ಸಲ ‘ಚೆನ್ನಾಗಿ ಬಂದಿದೆ ಕಣೆ’ ಎಂದುಬಿಟ್ಟರೆ ಅವಳಿಗೆ ಮತ್ತೆ ಕೇಳುವ ಧೈರ್ಯ ಬರುತ್ತಿರಲಿಲ್ಲ. ಕೊನೆಗೆ ಎದ್ದು ಹೋಗಿ, ಫೋನನ್ನು ಮೊರದ ಅಂಚಿನ ಮೇಲೆ ಇಟ್ಟಳು.

ನೀಲಮ್ಮ ಕೈ ಒರೆಸಿಕೊಂಡು ಅದನ್ನು ಎತ್ತಿಕೊಂಡಳು. ಹತ್ತಿರ ಹಿಡಿದಳು, ದೂರ ಹಿಡಿದಳು. ದಿನಾ ನೋಡುವ ಮುಖವೇ. ಆದರೆ ದಿನಾ ಅದು ದಾಕ್ಷಾಯಿಣಿಯಾಗಿ ಮಾತಾಡುತ್ತ, ಓಡಾಡುತ್ತ ಇರುತ್ತದೆ. ಈಗ ಅದು ಅಂಗೈಯಲ್ಲಿ ಅಲುಗಾಡದೆ ಅವಳನ್ನೇ ದಿಟ್ಟಿಸುತ್ತಿತ್ತು. ಮೊರ ತೊಡೆಯ ಮೇಲಿಂದ ಜಾರಿ ಗೋಧಿ ನೆಲಕ್ಕೆ ಚೆಲ್ಲಿತು. ನೀಲಮ್ಮನಿಗೆ ಅದು ತಿಳಿಯಲಿಲ್ಲ.

“ಏನೇ ಗಂಗಕ್ಕ” ಎಂದಳು. “ಹೀಗೇ ಮುಖ ಗಂಟು ಹಾಕ್ಕೊಂಡು ಹೋದೆಯಲ್ಲೇ ಅವತ್ತು. ಔಷಧಿ ಕಹಿ ಅಂತ ನನ್ನ ಮೇಲೆ ರೇಗಿದ್ದೇ ಕೊನೆ. ಎರಡು ಒಳ್ಳೆ ಮಾತು ಆಡ್ಬಾರ್ದಿತ್ತಾ?”

ದಾಕ್ಷಾಯಿಣಿ ಚಿಕ್ಕಮ್ಮನ ಬೆನ್ನ ಹಿಂದೆ ನಿಂತು, ಅವಳ ಹೆಗಲ ಮೇಲಿಂದ ಆ ಪಟವನ್ನೇ ನೋಡುತ್ತಿದ್ದಳು.

“ಮೂರು ವರ್ಷದ ಕೂಸನ್ನ ನನ್ನ ಮಡಿಲಿಗೆ ಹಾಕ್ಬಿಟ್ಟೆ. ನಂಗೇನು ಗೊತ್ತಿತ್ತು ಹೇಳು. ಅದರ ತಲೆ ಬಾಚೋಕೂ ಬರ್ತಿರಲಿಲ್ಲ. ಸಿಕ್ಕು ಬಿಡಿಸೋವಾಗ ಎಳೆದ್ರೆ ಅಮ್ಮಾ ಅಂತ ನಿನ್ನ ಕರೀತಿತ್ತು. ಅದೂ ಅಳ್ತಿತ್ತು, ನಾನೂ ಅಳ್ತಿದ್ನಲ್ಲೇ. ಸರಿಯಾಗಿ ಸಾಕಿದೀನೋ ಇಲ್ವೋ ಅಂತ ಯಾರನ್ನ ಕೇಳ್ಲಿ? ಕೇಳೋಣ ಅಂದ್ರೆ ನೀನೇ ಇಲ್ಲ.”

ದಾಕ್ಷಾಯಿಣಿಯ ಕಣ್ಣಿನಿಂದ ನೀರು ಇಳಿದು ಕೆನ್ನೆಯ ಹಿಟ್ಟಿನಲ್ಲಿ ದಾರಿ ಮಾಡಿತ್ತು. ಅವಳು ಚಿಕ್ಕಮ್ಮನ ಹೆಗಲ ಮೇಲೆ ಕೈ ಇಟ್ಟಳು. ಅವಳ ಗಂಟಲಿನಿಂದ ನಾನು ಯಾವತ್ತೂ ಕೇಳದಂಥ ಮೆತ್ತಗಿನ ದನಿಯೊಂದು ಹೊರಟಿತು.

“ಚೆನ್ನಾಗೇ ಸಾಕಿದೀಯ ಕಣೆ, ನೀಲಾ.”

ಹುಟ್ಟಿದಾಗಿನಿಂದ ಅವಳು ಚಿಕ್ಕಮ್ಮನನ್ನು ಹೆಸರು ಹಿಡಿದು ಕರೆದವಳಲ್ಲ. ನೀಲಮ್ಮ ಹಿಂದೆ ತಿರುಗಲಿಲ್ಲ. ಅಂಗೈಯಲ್ಲಿದ್ದ ಸಿಟ್ಟಿನ ಮುಖವನ್ನೇ ನೋಡುತ್ತ, ಸಣ್ಣ ಹುಡುಗಿಯ ಹಾಗೆ ಕೇಳಿದಳು.

“ನಿಜವಾಗ್ಲೂ?”

“ಹೂಂ ಕಣೆ. ನಿಜವಾಗ್ಲೂ.”